ಬನಶಂಕರಿ ಜಾತ್ರೆ ಮುಂದಿನ ವರ್ಷ ಎಷ್ಟನೇ ತಾರೀಖಿಗೆ?

2024ರಲ್ಲಿ ಜನವರಿ 25. 2025ರಲ್ಲಿ ಜನವರಿ 13. ಈ ವರ್ಷ, ಅಂದರೆ 2026ರಲ್ಲಿ, ಜನವರಿ 3. ಮುಂದಿನ ವರ್ಷ ಜನವರಿ 22.

ಇವು ಬಾದಾಮಿ ಬನಶಂಕರಿಯ ತೇರಿನ ದಿನಗಳು. ಪುಣೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಹೋದ ಡಿಸೆಂಬರಿನಲ್ಲಿ ಫೋನ್ ಮಾಡಿದ. "ಅಣ್ಣಾ, ಜಾತ್ರಿ ಹದಿಮೂರಕ್ಕ ಐತಲ್ಲ, ರಜಾ ಹಾಕೇನಿ" ಅಂದ. ಹಿಂದಿನ ವರ್ಷದ ತಾರೀಖು ಅವನ ತಲೆಯಲ್ಲಿ ಕೂತಿತ್ತು. ಆ ಲೆಕ್ಕಕ್ಕೆ ಬಂದಿದ್ದರೆ ತೇರು ಎಳೆದು ಹತ್ತು ದಿನ ಆದ ಮೇಲೆ ಬಂದಂಗೆ ಆಗುತ್ತಿತ್ತು. ಮೂರನೇ ತಾರೀಖು ಅಂತ ಹೇಳಿದೆ. "ಒಂದ ವರ್ಷ ಹಿಂದ, ಒಂದ ವರ್ಷ ಮುಂದ. ಹಿಂಗ್ಯಾಕ?" ಅಂತ ಕೇಳಿದ. ಫೋನಿನಲ್ಲಿ ಅರ್ಧ ಹೇಳಿದೆ. ಅವನಂಥವರು ಇನ್ನೂ ಬಹಳ ಜನ ಇದ್ದಾರೆ ಅಂತ ಗೊತ್ತು, ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ಮೊದಲನೇ ಮಾತು: ಜಾತ್ರೆ ತಾರೀಖು ಬದಲಿಸುವುದೇ ಇಲ್ಲ. ಅದು ಪ್ರತಿ ವರ್ಷ ಒಂದೇ ದಿನ ಬರುತ್ತೆ, ಬನದ ಹುಣ್ಣಿಮೆಯ ದಿನ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ. ಗೋಡೆಯ ಮೇಲಿನ ಇಂಗ್ಲಿಷ್ ತಿಂಗಳು ಸೂರ್ಯನ ಲೆಕ್ಕ, ಹುಣ್ಣಿಮೆ ಚಂದ್ರನ ಲೆಕ್ಕ. ಒಂದರ ಅಳತೆಯಿಂದ ಇನ್ನೊಂದನ್ನು ನೋಡಿದಾಗ ಓಡಾಡಿದಂತೆ ಕಾಣುತ್ತೆ, ಅಷ್ಟೇ.

ನಮ್ಮ ಆಯಿಗೆ ತಾರೀಖು ಗೊತ್ತಿರಲಿಲ್ಲ. ಅಕ್ಷರವೂ ಬರುತ್ತಿರಲಿಲ್ಲ. ಆದರೆ ಜಾತ್ರೆಗೆ ಎಷ್ಟು ದಿನ ಉಳಿದಿದೆ ಅಂತ ಕೇಳಿದರೆ ಕಟ್ಟೆಯ ಮೇಲೆ ಕೂತು ಹೆಬ್ಬೆರಳಿನಿಂದ ಬೆರಳಿನ ಗೆರೆ ಎಣಿಸಿ ಹೇಳುತ್ತಿದ್ದಳು. ಅವಳ ಕ್ಯಾಲೆಂಡರಿನಲ್ಲಿ ಚೈತ್ರ, ವೈಶಾಖ ಇರಲಿಲ್ಲ. ಇದ್ದದ್ದು ಹನ್ನೆರಡು ಹುಣ್ಣಿಮೆ: ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ, ಕಡ್ಲಿಗಡಬಿನ ಹುಣ್ಣಿಮೆ, ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ, ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ. ನಡುನಡುವೆ ಅಮಾವಾಸ್ಯೆಗಳು, ಅವಕ್ಕೂ ಹೆಸರು. ಮಣ್ಣೆತ್ತಿನ ಅಮಾಸಿ, ನಾಗರ ಅಮಾಸಿ, ಛಟ್ಟಿ ಅಮಾಸಿ, ಎಳ್ಳ ಅಮಾಸಿ. ಇಷ್ಟು ಹೆಸರು ಸಾಲಾಗಿ ಬಾಯಿಪಾಠ ಇದ್ದರೆ ಪೂರ್ತಿ ವರ್ಷ ನಿಮ್ಮ ಕೈಯಲ್ಲಿದ್ದಂತೆ. ಹೊಲದ ಕೆಲಸ, ಮನೆಯ ಅಡುಗೆ, ಮಗಳನ್ನು ತವರಿಗೆ ಕರೆಯೋದು, ಎಲ್ಲಾ ಇದರಲ್ಲೇ ಇದೆ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಬೇಕು. ಅದಾಗಿ ಹದಿನೈದು ದಿನಕ್ಕೆ ಬನದ ಹುಣ್ಣಿಮೆ. ಆಯಿ ಎಣಿಸುತ್ತಿದ್ದದ್ದು ಹೀಗೆ. ಇದನ್ನು ನಾನು ದೊಡ್ಡ ವಿದ್ಯೆ ಅಂತಲೇ ಅಂದುಕೊಂಡಿದ್ದೇನೆ.

ಈಗ ಲೆಕ್ಕ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಹುಣ್ಣಿಮೆ ಕೂಡಿದರೆ ಸುಮಾರು 354 ದಿನ. ಸೂರ್ಯನ ವರ್ಷ 365 ದಿನ. ಹನ್ನೊಂದು ದಿನ ಕಡಿಮೆ ಬಿತ್ತಲ್ವಾ? ಅದಕ್ಕೇ ಹುಣ್ಣಿಮೆ ಪ್ರತಿ ವರ್ಷ ಹತ್ತು, ಹನ್ನೊಂದು, ಇಲ್ಲಾ ಹನ್ನೆರಡು ದಿನ ಮುಂಚೆಯೇ ಬಂದುಬಿಡುತ್ತೆ. 2024ರ ಜನವರಿ 25ರಿಂದ 2025ರ 13ಕ್ಕೆ ಹನ್ನೆರಡು ದಿನ ಹಿಂದೆ ಸರಿಯಿತು, ಯಾಕೆಂದರೆ 2024ರಲ್ಲಿ ಫೆಬ್ರವರಿಗೆ 29 ದಿನ ಇದ್ದವು. 13ರಿಂದ 3ಕ್ಕೆ ಹತ್ತು ದಿನ. ಇಲ್ಲಿಯವರೆಗೆ ಸರಿ.

ಹಾಗಾದರೆ ಮುಂದಿನ ಸಲ 2026ರ ಡಿಸೆಂಬರಿಗೇ ಹೋಗಬೇಕಿತ್ತು. ಹೋಗಲಿಲ್ಲ, ಹತ್ತೊಂಬತ್ತು ದಿನ ಮುಂದೆ ಹೋಗಿ 2027ರ ಜನವರಿ 22ಕ್ಕೆ ಕೂತಿತು. ನಡುವೆ ಏನಾಯಿತು?

ಜೋಡೆತ್ತಿನ ಬಂಡಿ ನೆನಪಿಸಿಕೊಳ್ಳಿ. ಒಂದು ಎತ್ತು ಉದ್ದ ಹೆಜ್ಜೆ ಹಾಕುತ್ತೆ, ಇನ್ನೊಂದು ಗಿಡ್ಡ ಹೆಜ್ಜೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನೊಗ ಓರೆಯಾಗುತ್ತೆ. ಬಂಡಿ ಹೊಡೆಯುವವನು ಹಗ್ಗ ಜಗ್ಗಿ ಎರಡನ್ನೂ ಸಮ ಮಾಡುತ್ತಾನೆ. ಮತ್ತೆ ಸ್ವಲ್ಪ ದೂರ, ಮತ್ತೆ ಜಗ್ಗೋದು. ಸೂರ್ಯ, ಚಂದ್ರ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿದ್ದಂತೆ. ಹಗ್ಗ ಜಗ್ಗುವ ಕೆಲಸ ಅಧಿಕ ಮಾಸದ್ದು. ಸುಮಾರು ಮೂವತ್ತೆರಡೂವರೆ ತಿಂಗಳಿಗೆ ಒಂದು ಸಲ ಒಂದು ತಿಂಗಳು ಜಾಸ್ತಿ ಸೇರುತ್ತೆ. ಆ ವರ್ಷ ಹದಿಮೂರು ಹುಣ್ಣಿಮೆ. 2020ರಲ್ಲಿ ಬಂತು, 2023ರಲ್ಲಿ ಬಂತು, ಈಗ 2026ರಲ್ಲಿ. ಹದಿಮೂರು ಹುಣ್ಣಿಮೆಗೆ 384 ದಿನ. 2026ರ ಜನವರಿ 3ಕ್ಕೆ 384 ದಿನ ಕೂಡಿಸಿ ನೋಡಿ, ಸರಿಯಾಗಿ 2027ರ ಜನವರಿ 22ಕ್ಕೆ ಬರುತ್ತೀರಿ.

ಯಾವ ತಿಂಗಳನ್ನು ಎರಡು ಸಲ ಮಾಡಬೇಕು ಅಂತ ಯಾರೋ ಕೂತು ತೀರ್ಮಾನ ಮಾಡೋದಿಲ್ಲ. ಅದಕ್ಕೊಂದು ನಿಯಮ ಇದೆ, ಬಹಳ ಚೆಂದದ ನಿಯಮ. ಸೂರ್ಯ ಪ್ರತಿ ತಿಂಗಳು ಒಂದು ರಾಶಿಯಿಂದ ಇನ್ನೊಂದು ರಾಶಿಗೆ ದಾಟುತ್ತಾನೆ. ಹಾಗೆ ದಾಟೋದೇ ಸಂಕ್ರಾಂತಿ. ನಮಗೆ ಮಕರ ಸಂಕ್ರಾಂತಿ ಒಂದೇ ಹಬ್ಬವಾಗಿ ಗೊತ್ತು, ಆದರೆ ಸಂಕ್ರಾಂತಿ ವರ್ಷಕ್ಕೆ ಹನ್ನೆರಡು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು ಅಂತ ಹಿಡಿದರೆ, ಸಾಮಾನ್ಯವಾಗಿ ಪ್ರತಿ ತಿಂಗಳ ಹೊಟ್ಟೆಯೊಳಗೆ ಒಂದು ಸಂಕ್ರಾಂತಿ ಬೀಳುತ್ತೆ. ಯಾವ ಸಂಕ್ರಾಂತಿ ಬಿತ್ತು ಅನ್ನೋದರ ಮೇಲೆ ತಿಂಗಳ ಹೆಸರು. ಮಕರ ಸಂಕ್ರಾಂತಿ ಬಿದ್ದರೆ ಪುಷ್ಯ. ಒಂದು ತಿಂಗಳಲ್ಲಿ ಸಂಕ್ರಾಂತಿಯೇ ಬೀಳದಿದ್ದರೆ ಅದಕ್ಕೆ ಸ್ವಂತ ಹೆಸರಿಲ್ಲ. ಮುಂದಿನ ತಿಂಗಳ ಹೆಸರನ್ನೇ ತೆಗೆದುಕೊಂಡು ಅಧಿಕ ಅನ್ನಿಸಿಕೊಳ್ಳುತ್ತೆ.

ಈ ವರ್ಷದ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ. ಸೂರ್ಯ ವೃಷಭಕ್ಕೆ ಹೋಗೋದು ಮೇ 15ಕ್ಕೆ, ಅಂದರೆ ಅಮಾವಾಸ್ಯೆಗೆ ಮೊದಲೇ. ಜೂನ್ 15ರ ಬೆಳಿಗ್ಗೆ ಮುಂದಿನ ಅಮಾವಾಸ್ಯೆ ಮುಗಿಯುತ್ತೆ. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಸೂರ್ಯ ಮಿಥುನಕ್ಕೆ ಕಾಲಿಡುತ್ತಾನೆ. ಕೆಲವೇ ಗಂಟೆಗಳ ಅಂತರದಲ್ಲಿ ಆ ತಿಂಗಳಿಗೆ ಸಂಕ್ರಾಂತಿ ತಪ್ಪಿಹೋಯಿತು. ಹೀಗೆ ಬಂದ ಅಧಿಕದಿಂದಲೇ ನನ್ನ ತಮ್ಮನ ರಜೆ 3ರಿಂದ 22ಕ್ಕೆ ಹೋಗಿದ್ದು.

ಅಧಿಕದಲ್ಲಿ ಮದುವೆ ಇಲ್ಲ, ಮನೆ ತುಂಬೋದಿಲ್ಲ, ಜಾತ್ರೆ ಇಲ್ಲ. ಬೆಳಗಾವಿ ಕಡೆ ಕೆಲವು ಮನೆಗಳಲ್ಲಿ ಮಗಳು ಅಳಿಯನನ್ನು ಕರೆದು 33 ಅನಾರಸ (ಅಕ್ಕಿಹಿಟ್ಟಿನ ಸಿಹಿ ತಿಂಡಿ) ಕೊಡುವ ಪದ್ಧತಿ ಇದೆ. ಹೊಲಮನೆಯವರಿಗೆ ಮುಖ್ಯವಾದ ವಿಷಯ ಇನ್ನೊಂದು. ಮೇ 31ಕ್ಕೆ ಬರುವ ಹುಣ್ಣಿಮೆಯೂ ಹೆಸರಿಗೆ ಜ್ಯೇಷ್ಠದ ಹುಣ್ಣಿಮೆಯೇ. ಆದರೆ ಅಂದು ಯಾರೂ ಎತ್ತಿನ ಕೊಂಬಿಗೆ ಬಣ್ಣ ಹಚ್ಚೋದಿಲ್ಲ. ಕಾರ ಹುಣ್ಣಿಮೆ ಅಧಿಕ ಮುಗಿದ ಮೇಲಿನ ನಿಜ ಜ್ಯೇಷ್ಠದಲ್ಲಿ, ಜೂನ್ 29ಕ್ಕೆ.

ಮೇಲಿನ ನಿಯಮದಿಂದ ಇನ್ನೊಂದು ಲಾಭ ಇದೆ. ಮಕರ ಸಂಕ್ರಾಂತಿ ಪುಷ್ಯದ ಒಳಗೇ ಇರಬೇಕು, ಹುಣ್ಣಿಮೆ ಆ ತಿಂಗಳ ನಡುವೆ ಇರುತ್ತೆ. ಹಾಗಾಗಿ ಬನದ ಹುಣ್ಣಿಮೆ ಸಂಕ್ರಾಂತಿಗೆ ಹದಿನೈದು ದಿನ ಆಚೆ ಈಚೆಯೇ ಬರಬೇಕು. ಡಿಸೆಂಬರ್ ಕೊನೆಯಿಂದ ಜನವರಿ ಕೊನೆ, ಅದರಾಚೆ ಹೋಗಲು ಸಾಧ್ಯವಿಲ್ಲ. ಇದೊಂದು ಗೊತ್ತಿದ್ದರೆ ಮೋಸ ಹೋಗೋದಿಲ್ಲ.

ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತೆ. 2028ರಲ್ಲಿ ಬನದ ಹುಣ್ಣಿಮೆ ಎರಡು ಸಲ ಬರುತ್ತೆ, ಜನವರಿ 12ಕ್ಕೆ ಒಂದು, ಡಿಸೆಂಬರ್ 31ಕ್ಕೆ ಇನ್ನೊಂದು. 2029ರಲ್ಲಿ ಒಂದೂ ಇಲ್ಲ! ಗಾಬರಿ ಬೇಡ. ನಮ್ಮ ಪಂಚಾಂಗದ ವರ್ಷದಲ್ಲಿ ಅದು ತಪ್ಪಿಲ್ಲ. ಇಂಗ್ಲಿಷ್ ವರ್ಷ ಎಲ್ಲಿ ಮುಗಿಯುತ್ತೆ ಅನ್ನೋದರಿಂದ ಹಾಗೆ ಕಾಣುತ್ತೆ. ಹಿಂದೆ 2009ರಲ್ಲಿಯೂ ಹೀಗೇ ಜನವರಿಯಲ್ಲೊಂದು, ಡಿಸೆಂಬರ್ 31ಕ್ಕೊಂದು ಬಂದಿತ್ತು. 2009ರಿಂದ 2028ಕ್ಕೆ 19 ವರ್ಷ. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ ಸೇರಿದರೆ ಸೂರ್ಯ ಚಂದ್ರರ ಲೆಕ್ಕ ಹೆಚ್ಚು ಕಡಿಮೆ ಪೂರ್ತಿ ಸರಿಹೋಗುತ್ತೆ, ಅದೇ ಹುಣ್ಣಿಮೆ ಅದೇ ತಾರೀಖಿಗೆ ಮರಳಿ ಬರುತ್ತೆ. 2007ರಲ್ಲಿ ತೇರು ಎಳೆದದ್ದು ಯಾವತ್ತು ಗೊತ್ತಾ? ಜನವರಿ 3. ಈ ವರ್ಷದಂತೆಯೇ.

ಸರಿ, ಇಷ್ಟೆಲ್ಲಾ ತೊಂದರೆ ಯಾಕೆ, ಅಧಿಕ ಬಿಟ್ಟುಬಿಟ್ಟರೆ ಏನಾಗುತ್ತಿತ್ತು ಅಂತ ತಮ್ಮ ಕೇಳಿದ. ಉತ್ತರ ಜಾತ್ರೆಯಲ್ಲೇ ಇದೆ.

ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ. ಬನಶಂಕರಿಗೆ ಶಾಕಾಂಬರಿ ಅಂತಲೂ ಹೆಸರು, ಕಾಯಿಪಲ್ಲೆಯ ತಾಯಿ ಅವಳು. ಅಂದು 108 ಬಗೆಯ ಪಲ್ಲೆಯ ನೈವೇದ್ಯ. ಬದನೆಕಾಯಿ, ಚವಳಿಕಾಯಿ, ಹೀರೇಕಾಯಿ, ಮೆಂತ್ಯ, ಪುಂಡಿ, ರಾಜಗಿರಿ. ಸಂತೆಯಲ್ಲಿ ಹಸಿ ಪಲ್ಲೆ ಸಮೃದ್ಧಿಯಾಗಿ ಬಂದು ಬೀಳುವ ಕಾಲ ಅದು. ಹಿಂಗಾರಿ ಬಿಳಿಜೋಳ ಹೊಲದಲ್ಲಿ ನಿಂತಿರುತ್ತೆ. ಕಡಲೆ ಗಿಡದಲ್ಲಿ ಹಸಿ ಕಾಯಿ. ತೇರಿನ ಹಗ್ಗ ಬರೋದು ರೋಣ ತಾಲ್ಲೂಕಿನ ಮಾಡಲಗೇರಿಯಿಂದ. ಹಳಿಬಂಡಿಯಲ್ಲಿ, ಎತ್ತು ಹೂಡಿಕೊಂಡು, ಮಲಪ್ರಭಾ ಹೊಳೆ ದಾಟಿ ತರುತ್ತಾರೆ. ಬಂಡಿ ನೀರಿಗೆ ಇಳಿಯುವ ಹೊತ್ತಿಗೆ ದಂಡೆಯ ಮೇಲೆ ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಎತ್ತಿನ ಕೊರಳ ಗೆಜ್ಜೆ ಸದ್ದು, ಹೊಡೆಯುವವರ ಕೂಗು, ಗಾಲಿ ಉಸುಕಿನಲ್ಲಿ ಹೂತು ಎದ್ದು ಆಚೆ ದಡ ಹತ್ತಿದ ಮೇಲೆ ಒಮ್ಮೆಲೇ ಏಳುವ ಕೇಕೆ. ಜನವರಿಯ ಹೊಳೆ ಅದು, ಬಂಡಿ ದಾಟುವಷ್ಟು ನೀರು.

ಅಧಿಕ ಮಾಸ ಇಲ್ಲದಿದ್ದರೆ ಜಾತ್ರೆ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತಾ ಒಂಬತ್ತು ವರ್ಷಕ್ಕೆ ಸೆಪ್ಟೆಂಬರ್ ಕೊನೆ ಮುಟ್ಟುತ್ತಿತ್ತು, ಹದಿನಾರು ವರ್ಷಕ್ಕೆ ಜುಲೈ. ಮಳೆಗಾಲದ ತುಂಬು ಹೊಳೆಗೆ ಹಗ್ಗದ ಬಂಡಿ ಇಳಿಸೋದು ಹೇಗೆ? ರೈತ ಹೊಲ ಬಿಟ್ಟು ತಿಂಗಳ ಜಾತ್ರೆಗೆ ಬರೋದು ಹೇಗೆ? ನಾಟಕ ಕಂಪನಿಗಳು ತಗಡಿನ ಥಿಯೇಟರ್ ಹಾಕಿ ಬಯಲಲ್ಲಿ ಜನ ಕೂರಿಸೋದು ಹೇಗೆ? ಹುಣ್ಣಿಮೆಯ ಬೆಳಕು ಚಂದ್ರನಿಂದ ಬೇಕು, ಸುಗ್ಗಿಯ ಮುಂಚಿನ ಬಿಡುವು ಸೂರ್ಯನಿಂದ ಬೇಕು. ಎರಡೂ ಬೇಕು ಅಂದಾಗ ಅಧಿಕ ಮಾಸ ಬೇಕೇ ಬೇಕು.

ಗುಡಿಯ ಹತ್ತಿರ ಕೂರುವ ರೊಟ್ಟಿ ಮಾರುವ ಹೆಣ್ಣುಮಕ್ಕಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಬುಟ್ಟಿಯ ಮೇಲಿನ ಬಿಳಿ ಬಟ್ಟೆ ಸರಿಸಿದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ತೆಳ್ಳಗಿನ ಜೋಳದ ರೊಟ್ಟಿ. ಅದರ ಮೇಲೆ ಕಾಳುಪಲ್ಲೆ, ಕೆಂಪು ಖಾರದ ಚಟ್ನಿ, ಗುರೆಳ್ಳು ಹಿಂಡಿ, ಸಣ್ಣ ಗಡಿಗೆಯಿಂದ ಗಟ್ಟಿ ಮೊಸರು. "ತಿನ್ರಿ ಯಪ್ಪಾ, ಇನ್ನೊಂದ್ ಹಾಕ್ತೇನಿ" ಅಂತಾರೆ. ಆ ಬುಟ್ಟಿಯಲ್ಲಿರೋದು ಆ ಕಾಲದ ಹೊಲವೇ.

ಅಧಿಕ ಇಲ್ಲದ ಲೆಕ್ಕ ಹೇಗಿರುತ್ತೆ ಅಂತ ನೋಡಲು ದೂರ ಹೋಗಬೇಕಿಲ್ಲ, ಅದೂ ನಮ್ಮ ಊರಲ್ಲೇ ಇದೆ. ಮೊಹರಂ. ನಮ್ಮ ಬಾಯಲ್ಲಿ ಅಲಾಯಿ ಹಬ್ಬ. ಬಾಗಲಕೋಟೆ, ವಿಜಯಪುರ ಕಡೆ ಇದು ಒಂದೇ ಸಮಾಜದ ಹಬ್ಬ ಅಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲೂ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ತೋಡುತ್ತಾರೆ, ದೇವರು ಕೂರಿಸುತ್ತಾರೆ, ಹೆಜ್ಜೆ ಮೇಳ ಕಟ್ಟುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ, ಮನೆಯಲ್ಲಿ ಚೊಂಗೆ ಮಾಡುತ್ತಾರೆ. ಆ ಪಂಚಾಂಗ ಪೂರ್ತಿ ಚಂದ್ರನದ್ದು. ಹನ್ನೆರಡು ತಿಂಗಳು, ಅಷ್ಟೇ. ಹೆಚ್ಚಿನ ತಿಂಗಳು ಸೇರಿಸೋ ಪದ್ಧತಿ ಇಲ್ಲ. ತಿಂಗಳು ಶುರುವಾಗೋದು ಸಂಜೆ ಆಕಾಶದಲ್ಲಿ ಎಳೆ ಚಂದ್ರ ಕಣ್ಣಿಗೆ ಬಿದ್ದ ಮೇಲೆ. ಹೀಗಾಗಿ ಈ ಹಬ್ಬ ವರ್ಷವರ್ಷವೂ ಹಿಂದೆ ಸರಿಯುತ್ತಾ, ಮಳೆ, ಚಳಿ, ಬಿಸಿಲು ಎಲ್ಲವನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಹೊರಟ ಜಾಗಕ್ಕೆ ಬರುತ್ತೆ. ಒಬ್ಬ ಮನುಷ್ಯ ಪೂರ್ಣ ಆಯುಷ್ಯ ಬಾಳಿದರೆ ಎರಡು ಸುತ್ತು ನೋಡಬಹುದು.

2009ರಲ್ಲಿ ಮೊಹರಂ ಎರಡು ಸಲ ಬಂದಿತ್ತು, ಜನವರಿ 8ಕ್ಕೆ ಮತ್ತು ಡಿಸೆಂಬರ್ 28ಕ್ಕೆ. ಎರಡೂ ಸಲ ಬನದ ಹುಣ್ಣಿಮೆಗೆ ಮೂರು ದಿನ ಇರುವಾಗ. ಮೈ ನಡುಗುವ ಚಳಿಯಲ್ಲಿ ಕತ್ತಲ ರಾತ್ರಿ, ಅಂದರೆ ಮೊಹರಂನ ಹಿಂದಿನ ರಾತ್ರಿ. ಅಲಾಯಿ ಕುಣಿಯ ಬೆಂಕಿಯ ಸುತ್ತ ಕುಣಿಯುವವರಿಗಿಂತ ಕಾಯಿಸಿಕೊಳ್ಳುವವರೇ ಜಾಸ್ತಿ ಇದ್ದರು. ಈಗ ಅದು ಮುಂಗಾರಿ ಬಿತ್ತನೆಯ ಹೊತ್ತಿಗೆ ಬಂದು ನಿಂತಿದೆ.

ಈ ವರ್ಷದ ಜೂನ್ ನೋಡಿ, ಎರಡು ಲೆಕ್ಕಗಳ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. 2025ರಲ್ಲಿ ಕಾರ ಹುಣ್ಣಿಮೆ ಜೂನ್ 11ಕ್ಕೆ, ಮೊಹರಂ ಜುಲೈ 6ಕ್ಕೆ ಬಂದಿದ್ದವು. ನಡುವೆ 25 ದಿನ. ಈ ವರ್ಷ ಮೊಹರಂ ತನ್ನ ಪದ್ಧತಿಯಂತೆ ಹತ್ತು ದಿನ ಹಿಂದೆ ಸರಿದು ಜೂನ್ 26ರ ಸುಮಾರಿಗೆ ಬರುತ್ತೆ, ಚಂದ್ರ ಕಂಡ ಮೇಲೆ ಗಟ್ಟಿ. ಕಾರ ಹುಣ್ಣಿಮೆ ಅಧಿಕದಿಂದ ಹದಿನೆಂಟು ದಿನ ಮುಂದೆ ಜಿಗಿದು ಜೂನ್ 29ಕ್ಕೆ. ಒಂದು ಹಿಂದೆ, ಒಂದು ಮುಂದೆ. ಎರಡೂ ಒಂದೇ ಬೆಳೆಯುವ ಚಂದ್ರನ ಕೆಳಗೆ ಬಂದು ಕೂಡಿಬಿಟ್ಟವು. ಶುಕ್ರವಾರದ ಹೊತ್ತಿಗೆ ಹೆಜ್ಜೆ ಮೇಳ, ಸೋಮವಾರ ಎತ್ತಿನ ಸಿಂಗಾರ. ಹಲವು ಮನೆಗಳಲ್ಲಿ ಎರಡಕ್ಕೂ ಹೋಗುವ ಹುಡುಗರು ಅವರೇ.

ಇನ್ನು ಮೂರನೇ ಲೆಕ್ಕ, ಬರೀ ಸೂರ್ಯನದ್ದು. ವಿಜಯಪುರದ ಸಿದ್ಧೇಶ್ವರ ಜಾತ್ರೆ. ಅದು ಸಂಕ್ರಾಂತಿಗೆ ಕಟ್ಟಿಕೊಂಡಿದೆ, ಹಾಗಾಗಿ ನಂದಿಕೋಲು ಏಳೋದು ಪ್ರತಿ ವರ್ಷ ಜನವರಿ 14ರ ಆಸುಪಾಸಿನಲ್ಲೇ. ಅದಕ್ಕೆ ರಜೆ ಹಾಕೋದು ಸುಲಭ. ಆದರೆ ಸೂರ್ಯನ ಲೆಕ್ಕವೂ ಕಲ್ಲಿನಲ್ಲಿ ಕೊರೆದದ್ದಲ್ಲ. ನಮ್ಮ ಸಂಕ್ರಾಂತಿ ನಕ್ಷತ್ರಗಳನ್ನು ನೋಡಿ ಹಾಕಿದ ಲೆಕ್ಕ. ಇಂಗ್ಲಿಷ್ ವರ್ಷ ಋತುಗಳನ್ನು ನೋಡಿ ಹಾಕಿದ್ದು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ಎರಡರ ನಡುವೆ ವರ್ಷಕ್ಕೆ ಸುಮಾರು 20 ನಿಮಿಷ ವ್ಯತ್ಯಾಸ. ಸುಮಾರು 72 ವರ್ಷಕ್ಕೆ ಒಂದು ದಿನ. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ, 1863ರ ಜನವರಿ 12ಕ್ಕೆ. ಈಗ ಅದು 14, ಒಮ್ಮೊಮ್ಮೆ 15.

ರೈತರು ಇದನ್ನು ಎಷ್ಟು ಚೆನ್ನಾಗಿ ತಿಳಿದಿದ್ದರು ಅಂದರೆ, ಹಬ್ಬಕ್ಕೆ ಚಂದ್ರನನ್ನು ಇಟ್ಟುಕೊಂಡರು, ಬಿತ್ತನೆಗೆ ಅವನನ್ನು ನಂಬಲಿಲ್ಲ. ಕಾರ ಹುಣ್ಣಿಮೆ ಹೋದ ವರ್ಷ 11ಕ್ಕೆ, ಈ ವರ್ಷ 29ಕ್ಕೆ. ಅದನ್ನು ನೋಡಿ ಬೀಜ ಹಾಕಿದರೆ ಹದಿನೆಂಟು ದಿನ ವ್ಯತ್ಯಾಸ ಆಗುತ್ತೆ, ಹದ ತಪ್ಪುತ್ತೆ. ಅದಕ್ಕೇ ಬಿತ್ತನೆ ಮಳೆ ನಕ್ಷತ್ರದ ಮೇಲೆ. ರೋಹಿಣಿ, ಮೃಗಶಿರ, ಆರಿದ್ರಾ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಇಪ್ಪತ್ತೇಳು ನಕ್ಷತ್ರಕ್ಕೆ ಒಂದು ವರ್ಷ. ರೋಹಿಣಿ ಮಳೆ ಮೇ 25ರ ಹೊತ್ತಿಗೇ ಕೂಡುತ್ತೆ, ಅಧಿಕ ಬರಲಿ ಬಿಡಲಿ. "ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ" ಅನ್ನುವ ಮಾತು ಹುಟ್ಟಿದ್ದು ಈ ಗಟ್ಟಿ ಲೆಕ್ಕದ ಮೇಲೆ. ಒಂದೇ ಮನೆಯಲ್ಲಿ, ಒಂದೇ ಮನುಷ್ಯನ ತಲೆಯಲ್ಲಿ, ಎರಡು ಪಂಚಾಂಗ ಜಗಳವಿಲ್ಲದೆ ಇದ್ದವು.

ಇನ್ನೊಂದು ಗೊಂದಲ ಪ್ರತಿ ವರ್ಷ ಬರುತ್ತೆ. "ಹುಣ್ಣಿವಿ ಇವತ್ತೋ ನಾಳೆನೋ?" ಒಂದು ಕ್ಯಾಲೆಂಡರಿನಲ್ಲಿ ಒಂದು ದಿನ, ಇನ್ನೊಂದರಲ್ಲಿ ಇನ್ನೊಂದು ದಿನ. ಯಾರದ್ದೂ ತಪ್ಪಲ್ಲ. ತಿಥಿ ಅಂದರೆ ಬೆಳಗಿನಿಂದ ಬೆಳಗಿನವರೆಗಿನ ದಿನ ಅಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಹೋಗಲು ಹಿಡಿಯುವ ಹೊತ್ತು. ಚಂದ್ರ ಕೆಲವೊಮ್ಮೆ ಜೋರು, ಕೆಲವೊಮ್ಮೆ ನಿಧಾನ. ಹಾಗಾಗಿ ಒಂದು ತಿಥಿ 19 ಗಂಟೆಗೂ ಮುಗಿಯಬಹುದು, 26 ಗಂಟೆ ತನಕವೂ ಎಳೆಯಬಹುದು. ಅದು ರಾತ್ರಿ ಹತ್ತಕ್ಕೂ ಶುರುವಾಗಬಹುದು, ಮಧ್ಯಾಹ್ನಕ್ಕೂ ಶುರುವಾಗಬಹುದು. 2025ರ ಕಾರ ಹುಣ್ಣಿಮೆ ತಿಥಿ ಜೂನ್ 10ರ ಮಧ್ಯಾಹ್ನದ ಹತ್ತಿರ ಹಿಡಿದು 11ರ ಮಧ್ಯಾಹ್ನ ಬಿಟ್ಟಿತು. ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ ಅನ್ನೋದು ಸಾಮಾನ್ಯ ನಿಯಮ, ಹಾಗಾಗಿ 11. ರಾತ್ರಿ ಚಂದ್ರನನ್ನು ನೋಡಿ ಪೂಜೆ ಮಾಡುವವರಿಗೆ 10. ಜಾತ್ರೆಗೆ ಮಾತ್ರ ಈ ಚರ್ಚೆ ಬೇಡ. ಗುಡಿಯವರು ಯಾವ ದಿನ ತೇರು ಅಂತಾರೋ ಅದೇ ದಿನ.

ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ, ಜನರೇ ದಿನ ಇಡುವ ಜಾತ್ರೆಗಳೂ ಇವೆ. ಬೆಳಗಾವಿ ಜಿಲ್ಲೆಯ ಎಷ್ಟೋ ಊರುಗಳಲ್ಲಿ ದ್ಯಾಮವ್ವನ, ಲಕ್ಷ್ಮೀ ದೇವಿಯ ಜಾತ್ರೆ ಮೂರು ವರ್ಷಕ್ಕೋ ಐದಕ್ಕೋ ಹನ್ನೆರಡಕ್ಕೋ. ಅವಧಿ ತುಂಬಿತು ಅಂದ ತಕ್ಷಣ ಆಗೋದಿಲ್ಲ. ದೈವದ ಹಿರಿಯರು ಕಟ್ಟೆಗೆ ಕೂಡಬೇಕು. ಮಳೆ ಹೇಗಾಯಿತು, ಮನೆಗೆ ಎಷ್ಟು ಪಟ್ಟಿ ಹಾಕಬಹುದು, ಊರಲ್ಲಿ ಸಾವುನೋವು ಆಗಿದೆಯಾ, ಎಲ್ಲಾ ನೋಡಬೇಕು. ಬರ ಬಿದ್ದರೆ ಜಾತ್ರೆ ಮುಂದಕ್ಕೆ. ಒಪ್ಪಿಗೆ ಆದ ಮೇಲೆ ವಾರ ಹಿಡಿಯುತ್ತಾರೆ, ಮಂಗಳವಾರ ಶುಕ್ರವಾರ ಹೊಲದ ಕೆಲಸ ಬಂದ್. ಕ್ಯಾಲೆಂಡರ್ ಎಷ್ಟು ತಿರುವಿದರೂ ಈ ದಿನ ಸಿಗೋದಿಲ್ಲ. ಊರಿಗೆ ಫೋನ್ ಮಾಡಿ ಕೇಳಬೇಕು.

ತಮ್ಮನಿಗೆ ನಿನ್ನೆ ಮತ್ತೆ ಫೋನ್ ಮಾಡಿದ್ದೆ. 2027ರ ಜನವರಿ 21 ಗುರುವಾರ ಪಲ್ಲೇದ ಹಬ್ಬ, 22 ಶುಕ್ರವಾರ ತೇರು. ದೇವಿಯ ವಾರವೇ ಬಂದಿದೆ. ಬುಧವಾರ ರಾತ್ರಿ ಬಸ್ಸಿಗೆ ಕೂತರೆ ಗುರುವಾರ ಬೆಳಿಗ್ಗೆ ಊರಲ್ಲಿರುತ್ತಾನೆ. "ಈ ಸಲ ನಾನ ಎಣಿಸೇನಿ ಅಣ್ಣಾ, ಎಳ್ಳ ಅಮಾಸಿ ಏಳಕ್ಕ ಐತಿ, ಅಲ್ಲಿಂದ ಹದಿನೈದು" ಅಂದ.